ಬಲೆಯ ಮೊದಲ ಮೀನು

ದೋಣಿಯಣ್ಣನ ಮುಖದ ಎಡಭಾಗ ಬಲಭಾಗಕ್ಕಿಂತ ಕಪ್ಪಗಿತ್ತು. ದೋಣಿಯ ಹಿಂತುದಿಯಲ್ಲಿ ಎಂಜಿನ್ನಿನ ಹಿಡಿ ಹಿಡಿದು ಓರೆಯಾಗಿ ಕೂರುವುದು, ಎಡಗೆನ್ನೆಯನ್ನು ಬಿಸಿಲಿಗೂ ನೀರಿನಿಂದ ಏಳುವ ಝಳಕ್ಕೂ ಕೊಡುವುದು. ವರ್ಷಗಟ್ಟಲೆ ಹೀಗೇ ಕೂತು ಕೂತು ಆ ಬಣ್ಣ ಬಂದಿತ್ತು. ಎದುರು ನಿಂತು ನೋಡಿದರೆ ಅಣ್ಣತಮ್ಮಂದಿರಿಬ್ಬರು ಒಂದೇ ಮುಖವನ್ನು ಪಾಲು ಮಾಡಿಕೊಂಡಂತೆ ಕಾಣುತ್ತಿತ್ತು. ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು, ಮನೆಯೊಳಗೆ ಊಟಕ್ಕೆ ಕೂತಾಗಲೂ. ಮೊದಲ ಸಲ ಕಂಡವರು ಈ ಮನುಷ್ಯ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಅನುಮಾನವೂ ಇರುತ್ತಿತ್ತು ಅನ್ನಿ.

ಅವರ ಊರು ತರೀಕೆರೆ ತಾಲ್ಲೂಕಿನಲ್ಲಿ, ಭದ್ರಾ ಹಿನ್ನೀರಿನ ದಡದಲ್ಲಿ. ನಾನು ಕಡೂರಿನವಳು. ಗಂಡ ತೀರಿಕೊಂಡ ಮೇಲೆ ರೈಲ್ವೆ ಸ್ಟೇಷನ್ ಎದುರು ಎಳನೀರು ಮಾರಿಕೊಂಡಿದ್ದೆ. ಸಿಂಗಟಗೆರೆ ಕಡೆಯ ತೋಟಗಳಿಗೆ ನಾನೇ ಹೋಗಿ, ಗಂಡಸರ ನಡುವೆ ನಿಂತು ಚೌಕಾಸಿ ಮಾಡಿ ಕಾಯಿ ಇಳಿಸಿಕೊಂಡು ಬರುತ್ತಿದ್ದೆ. ಬೇಸಿಗೆ ಬಂದರೆ ಮೊಳದುದ್ದದ ಕ್ಯಾಮೆರಾ ಹೊತ್ತವರು ರೈಲಿಳಿದು, ನನ್ನ ಹತ್ತಿರ ಎಳನೀರು ಕುಡಿಯುತ್ತಾ, ಹಿನ್ನೀರಿಗೆ ಹೋಗುವುದು ಹೇಗೆ ಎಂದು ಕೇಳುತ್ತಿದ್ದರು. ಬಂದವರೆಲ್ಲ ಒಂದೇ ದಾರಿ ಕೇಳುತ್ತಿದ್ದಾರೆ ಎಂದರೆ ಆ ದಾರಿಯಲ್ಲಿ ವ್ಯಾಪಾರ ಕಾದು ಕೂತಿದೆ ಎಂದರ್ಥ. ಹೊಸದಾಗಿ ಏನಾದರೂ ಶುರು ಮಾಡಬೇಕು ಎಂದುಕೊಂಡಿರುವವರು ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ನಾನು ಹಳೆಯದೊಂದು ವ್ಯಾನು ತೆಗೆದುಕೊಂಡೆ. ಜನರನ್ನು ಕರೆದೊಯ್ಯುವುದು, ದೋಣಿ ಮಾತಾಡಿಕೊಡುವುದು, ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಡುವುದು. ಇಷ್ಟೇ ನನ್ನ ಕಸುಬು.

ದೋಣಿಯಣ್ಣ ಸಿಕ್ಕಿದ್ದು ಮೊದಲ ಟ್ರಿಪ್ಪಿನಲ್ಲೇ. ದಡದಲ್ಲಿ ಕೂತು ಬಲೆಯ ಹರುಕು ಹೊಲಿಯುತ್ತಿದ್ದರು. ನಾನು ಅಭ್ಯಾಸಬಲದಿಂದ ಕೇಳಿದೆ:

"ಅಣ್ಣಾ, ನಾಳೆಯಿಂದ ದಿನಾ ಜನ ತತ್ತೀನಿ. ಎಷ್ಟು ಕಡಿಮೆ ಮಾಡ್ಕತೀರ?"

ಅವರು ತಲೆ ಎತ್ತಲಿಲ್ಲ. "ಯಾವೂರವ್ವ?"

"ಕಡೂರು."

"ಅದಕ್ಕೇ. ಬಾಯಿ ತೆಗೆದ್ರೆ ಚೌಕಾಸಿ." ದಾರವನ್ನು ಹಲ್ಲಿನಲ್ಲಿ ಕಡಿದರು. "ನಂದು ಎರಡು ಕಡಿಮೆ ಆಗಲ್ಲ ಕಣವ್ವ. ಒಂದು ರೇಟು. ಇನ್ನೊಂದು ದೂರ. ಹಕ್ಕಿಯಿಂದ ಇಷ್ಟು ದೂರ ಅಂದ್ರೆ ಇಷ್ಟು ದೂರ. ಹತ್ರ ಹೋಗು ಅಂದ್ರೆ ವಾಪಸ್ ತಿರುಗಿಸ್ತೀನಿ. ಆಗ್ತದಾ ನೋಡು, ಇಲ್ದಿದ್ರೆ ಆ ಬಿಳಿ ದೋಣಿಯವನತ್ರ ಹೋಗು."

ಬೆಲೆ ಇಳಿಸದವನನ್ನು ನಾನು ಬಹಳ ಕಂಡಿದ್ದೇನೆ. ಬಂದ ಗಿರಾಕಿಯನ್ನು ಪಕ್ಕದ ದೋಣಿಗೆ ತೋರಿಸಿಕೊಡುವವನನ್ನು ಕಂಡಿರಲಿಲ್ಲ. ಅಂಥವನ ಹತ್ತಿರ ಸರಕು ಚೆನ್ನಾಗಿರುತ್ತದೆ. ನಾನು ಒಪ್ಪಿಕೊಂಡೆ. ಅವತ್ತಿನಿಂದ ನನ್ನ ಹೆಸರು ಅವರ ಬಾಯಲ್ಲಿ 'ಕಡೂರವ್ವ'.

ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆಲ್ಲ ಮುಳುಗಿದ್ದ ಗುಡ್ಡಗಳ ನೆತ್ತಿ ಮೇಲೇಳುತ್ತದೆ. ನೆರಳಿಗೆ ಒಂದು ಗಿಡವೂ ಇಲ್ಲದ ಬೋಳು ನಡುಗಡ್ಡೆ. ಬೂದು ಬೆನ್ನು, ಕರಿ ನೆತ್ತಿ, ಹಳದಿ ಕೊಕ್ಕಿನ ಹಕ್ಕಿಗಳು ಎಲ್ಲಿಂದಲೋ ಬಂದು ಅಲ್ಲಿ ಸಂಸಾರ ಹೂಡುತ್ತವೆ. ಪುಸ್ತಕದವರು ರೀವ ಎನ್ನುತ್ತಾರೆ, ಕ್ಯಾಮೆರಾದವರು ರಿವರ್ ಟರ್ನ್ ಎನ್ನುತ್ತಾರೆ. ಆ ಊರಿನಲ್ಲಿ ಬರೀ ನಡುಗಡ್ಡೆ ಹಕ್ಕಿ. ಗೂಡು ಕಟ್ಟುವ ಗೊಡವೆಯೇ ಇಲ್ಲ. ನೆಲದಲ್ಲಿ ಒಂದು ಗುಳಿ ಮಾಡಿ ಅದರಲ್ಲೇ ಮೊಟ್ಟೆ. ಮಳೆ ಹಿಡಿದು ನೀರು ಏರುವಷ್ಟರಲ್ಲಿ ಮರಿಗೆ ರೆಕ್ಕೆ ಬಂದಿರಬೇಕು. ಅದೊಂದು ಓಟ.

ದೋಣಿಯಣ್ಣ ದೂರದಲ್ಲೇ ಎಂಜಿನ್ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಗಾಳಿ ಒಯ್ದಷ್ಟು. ದೋಣಿಯ ಮೂತಿಯನ್ನು ಎಂದೂ ನಡುಗಡ್ಡೆಗೆ ನೇರವಾಗಿ ಇಡುತ್ತಿರಲಿಲ್ಲ, ಪಕ್ಕೆ ತೋರಿಸಿ ತೇಲಿಬಿಡುತ್ತಿದ್ದರು. ಎದ್ದು ನಿಲ್ಲುವ ಹಾಗಿಲ್ಲ, ಕೂಗುವ ಹಾಗಿಲ್ಲ. "ತಾಯಿ ಎದ್ರೆ ಮೊಟ್ಟೆ ಬೇಯ್ತದೆ ಕಣವ್ವ. ಆ ನೆಲ ಏನು ಅನ್ಕಂಡಿದೀಯ? ಕಾದ ಹೆಂಚು," ಎಂದು ನನಗೆ ಹೇಳಿದ್ದರು.

ಒಂದು ಸಲ ದೊಡ್ಡ ಮನುಷ್ಯರೊಬ್ಬರು ಬಂದಿದ್ದರು. ನಡುಗಡ್ಡೆಗೆ ಇಳಿಸು ಎಂದು ಹಟ. ಯಾರ್ಯಾರಿಗೋ ಫೋನು ಮಾಡಿಸುತ್ತೇನೆ ಎಂದರು. ದೋಣಿಯಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದರು: "ಸಾರ್, ನಿಮ್ಮನೆ ಬಾಣಂತಿ ಕೋಣೆಗೆ ನಾನು ಕ್ಯಾಮೆರಾ ಹಿಡ್ಕಂಡು ನುಗ್ಗಿದ್ರೆ ಸುಮ್ನಿರ್ತೀರಾ?" ದೋಣಿ ತಿರುಗಿಸಿಯೇಬಿಟ್ಟರು. ಹೋಯಿತು, ಈ ಗಿರಾಕಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಕೈ ಕೈ ಹಿಸುಕಿಕೊಂಡೆ. ಮರುವರ್ಷ ಅದೇ ಮನುಷ್ಯ ಹೆಂಡತಿ ಮಕ್ಕಳೊಂದಿಗೆ ಕಡೂರಿನಲ್ಲಿ ರೈಲಿಳಿದು, "ಆ ಬೈಯೋ ದೋಣಿಯವರು ಇದ್ದಾರಾ?" ಎಂದು ಕೇಳಿದರು.

ಅಲ್ಲಿಂದ ನನ್ನ ವ್ಯಾಪಾರದ ದಿಕ್ಕೇ ಬೇರೆಯಾಯಿತು. "ಹತ್ತಿರ ತೋರಿಸುತ್ತೇವೆ" ಎಂದು ಎಲ್ಲರೂ ಹೇಳುತ್ತಾರೆ. "ಹತ್ತಿರ ಬಿಡುವುದಿಲ್ಲ" ಎಂದು ಹೇಳಿ ಜನರನ್ನು ಕರೆತಂದವಳು ನಾನೊಬ್ಬಳೇ. ಬಂದವರು ಸುಮ್ಮನೆ ತೇಲುತ್ತಾ ಕೂತು, ಹಕ್ಕಿ ತನ್ನಷ್ಟಕ್ಕೆ ತಾನು ಮರಿಗೆ ಮೀನು ತಿನ್ನಿಸುವುದನ್ನು ನೋಡಿ, ದೇವಸ್ಥಾನದಿಂದ ಹೊರಬಂದವರ ಹಾಗೆ ಮೆತ್ತಗೆ ಮಾತಾಡುತ್ತಾ ಇಳಿಯುತ್ತಿದ್ದರು. ಇವತ್ತು ನನ್ನ ಹತ್ತಿರ ಎರಡು ವ್ಯಾನುಗಳಿವೆ. 'ಇಲ್ಲ' ಎನ್ನುವುದೂ ಮಾರಬಹುದಾದ ಸರಕು ಎಂದು ಕಲಿಸಿದವರು ಅವರು. ಅದರ ಋಣ ನನ್ನ ಮೇಲೆ ಇದ್ದೇ ಇದೆ.

ಗಿರಾಕಿಗಳು ಬರುವ ಮೊದಲೇ ಅವರು ರಾತ್ರಿ ಹಾಕಿದ ಬಲೆ ಎಳೆಯುತ್ತಿದ್ದರು. ಬಲೆಗೆ ಸಿಕ್ಕ ಮೊದಲ ಮೀನು ಗರುಡನಿಗೆ. ಅದು ಎಷ್ಟೇ ದೊಡ್ಡದಿರಲಿ, ಮೊದಲನೆಯದು ಮನೆಗಲ್ಲ. ಮೀನನ್ನು ಬಾಲ ಹಿಡಿದು ಮೇಲಕ್ಕೆ ಎಸೆದರೆ, ಒಣಮರದ ಮೇಲೆ ಕಾದಿರುತ್ತಿದ್ದ ಬಿಳಿ ಎದೆಯ ಗರುಡ ನೀರು ಮುಟ್ಟುವ ಮುನ್ನ ಹಿಡಿದುಕೊಂಡು ಹೋಗುತ್ತಿತ್ತು. ದೋಣಿಯಣ್ಣ ಎರಡೂ ಕೆನ್ನೆ ತಟ್ಟಿಕೊಳ್ಳುತ್ತಿದ್ದರು. "ನಮ್ಮಪ್ಪ ಹೊಳೇಲಿ ಹಾಕ್ತಿದ್ದ. ಕಟ್ಟೆ ಬಂತು, ಹೊಳೆ ಹಿನ್ನೀರಾಯ್ತು. ನಾನು ಹಿನ್ನೀರಲ್ಲಿ ಹಾಕ್ತೀನಿ. ಅವನಿಗೇನು ವ್ಯತ್ಯಾಸ?"

ಅದನ್ನು ಯಾರೋ ಒಬ್ಬ ಪ್ರವಾಸಿ ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ, ರೀಲ್ಸ್ ಮಾಡಿ ಹಾಕಿದ. ಮುಂದಿನ ವಾರದಿಂದಲೇ ದಡದಲ್ಲಿ ಕಾರುಗಳು. ಬಂದವರಿಗೆ ನಡುಗಡ್ಡೆ ಹಕ್ಕಿ ಬೇಡ, ಗರುಡ ಬೇಕು. "ಗರುಡ ದರ್ಶನ" ಎಂದು ಬಿಳಿ ದೋಣಿಯವನು ಬೋರ್ಡನ್ನೇ ಬರೆಸಿದ. ಅವನು ವಯಸ್ಸಿನಲ್ಲಿ ಚಿಕ್ಕವನು, ಚುರುಕು, ನನ್ನ ಹಾಗೆಯೇ ವ್ಯಾಪಾರದ ಮೂಗಿದ್ದವನು. ದರ್ಶನಕ್ಕೆ ಒಂದು ಮೀನು ಸಾಲುತ್ತದೆಯೇ? ಕೋಳಿ ಅಂಗಡಿಯಿಂದ ಕರುಳು, ಚರ್ಮ ಬಕೆಟ್ಟುಗಟ್ಟಲೆ ತಂದು ದೋಣಿಯ ಹಿಂದೆ ಚೆಲ್ಲತೊಡಗಿದ. ಉಳಿದ ದೋಣಿಗಳವರೂ ಹಾಗೇ ಮಾಡಿದರು. ಒಂದೆರಡು ಗರುಡ ಇದ್ದ ಕಡೆ ಆಕಾಶ ತುಂಬ ಗರುಡ. ಜನ ಕೈ ಮುಗಿದರು, ಕೆನ್ನೆ ತಟ್ಟಿಕೊಂಡರು, ಮಕ್ಕಳನ್ನು ಎತ್ತಿ ತೋರಿಸಿದರು. ಅಜ್ಜಂಪುರದಿಂದ ಬಂದಿದ್ದ ಅಜ್ಜಿಯೊಬ್ಬರು ಕಣ್ಣೀರು ಹಾಕಿದ್ದನ್ನು ನಾನೇ ನೋಡಿದ್ದೇನೆ. ಇಂಥದ್ದನ್ನು ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು?

ಬಕೆಟ್ಟು ಬರುವುದು ತಡವಾದ ಹೊತ್ತಿನಲ್ಲಿ ಗರುಡಗಳು ಏನು ತಿನ್ನುತ್ತವೆ ಎಂಬುದು ಒಂದು ಬೆಳಗ್ಗೆ ಗೊತ್ತಾಯಿತು. ನಾನೂ ದೋಣಿಯಲ್ಲಿದ್ದೆ. ಒಂದು ಗರುಡ ನಡುಗಡ್ಡೆಯ ಮೇಲೆ ನಿಧಾನಕ್ಕೆ ಸುತ್ತು ಹಾಕಿ, ಇಳಿದು, ಉಂಡೆಯಂಥದೇನನ್ನೋ ಎತ್ತಿಕೊಂಡಿತು. ನಡುಗಡ್ಡೆಯ ಹಕ್ಕಿಗಳೆಲ್ಲ ಒಟ್ಟಿಗೆ ಚೀರಿ ಎದ್ದವು. ಅವು ಮೇಲೆ ಹೋರಾಡುತ್ತಿದ್ದಂತೆ ಕೆಳಗೆ ಇನ್ನೆರಡು ಗರುಡ ಇಳಿದವು. ದೋಣಿಯಣ್ಣ ಕೆನ್ನೆ ತಟ್ಟಿಕೊಳ್ಳಲು ಎತ್ತಿದ್ದ ಕೈಯನ್ನು ಹಾಗೆಯೇ ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡರು.

"ನಾನು ಒಂದು ಎಸೆದೆ," ಎಂದರು. "ಒಂದೇ ಒಂದು ಕಣವ್ವ."

ಮರುದಿನ ಮೊದಲ ಮೀನನ್ನು ಬುಟ್ಟಿಗೆ ಹಾಕಿದರು. ಅವರ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಅದನ್ನು ಸಾರು ಮಾಡಲು ಒಪ್ಪಲಿಲ್ಲ. "ಮನೆತನದ ನಡೆ ಬಿಟ್ರಲ್ಲ, ನಿಮ್ಮ ಕೈಯಾರೆ ಬಿಟ್ರಲ್ಲ," ಎಂದು ಒಲೆ ಮುಂದೆ ಅತ್ತರು. ಮೀನನ್ನು ನಾಯಿಗೆ ಹಾಕಿದರಂತೆ.

ದೋಣಿಗಳವರನ್ನೆಲ್ಲ ದಡದ ಹೊಂಗೆ ಮರದ ಕೆಳಗೆ ಸೇರಿಸಿದ್ದು ನಾನು. ದೋಣಿಯಣ್ಣ ಹೇಳಬೇಕಾದ್ದನ್ನು ಹೇಳಿದರು. ಬಿಳಿ ದೋಣಿಯವನು ನಕ್ಕ.

"ಅಣ್ಣಾ, ಕಲಿಸಿದ್ದೇ ನೀವು. ನೀವು ಒಂದು ಮೀನು ಹಾಕಿದ್ರೆ ಪುಣ್ಯ, ನಾವು ಬಕೆಟ್ ಹಾಕಿದ್ರೆ ಪಾಪನಾ?"

"ಹೌದಪ್ಪ, ಕಲಿಸಿದ್ದು ನಾನೇ," ಎಂದರು ದೋಣಿಯಣ್ಣ. "ಬಿಡ್ರಪ್ಪಾ ಅನ್ನೋದೂ ನಾನೇ."

"ಗರುಡನ ಹೊಟ್ಟೆ ಮೇಲೆ ಹೊಡಿಯೋಕೆ ನಂಗಂತೂ ಭಯ. ಮಕ್ಕಳೊಂದಿಗ ನಾನು."

ಇನ್ನು ಮಾತು ಬೆಳೆದರೆ ಕೆಡುತ್ತದೆ ಎಂದು ನಾನು ಬಾಯಿ ಹಾಕಿದೆ. ಪಾಪಪುಣ್ಯದ ಜಗಳದಲ್ಲಿ ಯಾರೂ ಸೋಲುವುದಿಲ್ಲ. ಅದನ್ನು ವ್ಯಾಪಾರದ ಮಾತಿಗೆ ಎಳೆದು ತರಬೇಕು. "ನಡುಗಡ್ಡೆ ಹಕ್ಕಿ ಹೋದ್ರೆ ಕ್ಯಾಮೆರಾದವರು ಹೋದ್ರು. ಗರುಡ ನೋಡೋರು ಎರಡು ವರ್ಷ ಬಂದಾರು, ಆಮೇಲೆ ಇನ್ನೊಂದು ಊರಿನ ರೀಲ್ಸ್ ನೋಡ್ಕಂಡು ಅಲ್ಲಿಗೆ ಓಡ್ತಾರೆ. ಮುಂದಿನ ಬೇಸಿಗೆಯಿಂದ, ಮರಿ ಹಾರೋ ತನಕ ಬಕೆಟ್ ನಿಲ್ಲಿಸಿ. ನನ್ನ ಜನಾನ ಎಲ್ಲಾ ದೋಣಿಗೂ ಪಾಳಿ ಮೇಲೆ ಕೊಡ್ತೀನಿ. ದೋಣಿಯಣ್ಣಂಗೂ ಒಂದೇ ಪಾಳಿ," ಎಂದೆ. ಗೊಣಗಿದರು, ಲೆಕ್ಕ ಹಾಕಿದರು, ಕೊನೆಗೆ ಒಪ್ಪಿದರು. ನನ್ನ ಜೀವನದಲ್ಲಿ ಕುದುರಿಸಿದ ವ್ಯವಹಾರಗಳಲ್ಲಿ ಅದೇ ದೊಡ್ಡದು ಎಂದು ಬೀಗುತ್ತಾ ಕಡೂರಿಗೆ ಬಂದೆ.

ಒಪ್ಪಂದಕ್ಕೆ ಮನುಷ್ಯರು ಸಹಿ ಹಾಕಿದ್ದರು, ಗರುಡಗಳು ಹಾಕಿರಲಿಲ್ಲ. ಮುಂದಿನ ಬೇಸಿಗೆ ಬಕೆಟ್ಟು ನಿಂತಿತು. ಹಸಿದ ಗರುಡಗಳು ನೇರವಾಗಿ ನಡುಗಡ್ಡೆಗೇ ಹೋದವು.

ಆಗ ದೋಣಿಯಣ್ಣ ಒಂದು ಉಪಾಯ ಹೂಡಿದರು. ಹಿನ್ನೀರಿನ ಆಚೆ ದಡದಲ್ಲಿ, ನಡುಗಡ್ಡೆಗಳಿಂದ ಬಹಳ ದೂರ, ಒಣಮರಗಳ ಒಂದು ಗುಂಪಿದೆ. ಬೆಳಕು ಹರಿಯುವ ಮೊದಲೇ ಕೋಳಿ ಕರುಳಿನ ಬಕೆಟ್ಟು ದೋಣಿಗಿಟ್ಟುಕೊಂಡು ಅಲ್ಲಿಗೆ ಹೋಗಿ ಚೆಲ್ಲಿ ಬರುವುದು. ಗರುಡಗಳು ಅಲ್ಲೇ ತಿಂದು, ಅಲ್ಲೇ ಮರದಲ್ಲಿ ತೂಕಡಿಸಿ ಕೂರುತ್ತಿದ್ದವು. ಈಚೆ ಬರುವುದು ಕಡಿಮೆಯಾಯಿತು. ದಿನದಿನಕ್ಕೂ ಬಕೆಟ್ಟಿನಲ್ಲಿ ಒಂದು ಹಿಡಿ ಕಡಿಮೆ ಮಾಡುತ್ತಿದ್ದರು. "ಮಗೂಗೆ ಎದೆಹಾಲು ಬಿಡಿಸ್ದಂಗೆ ಬಿಡಿಸ್ಬೇಕವ್ವ. ಒಂದೇ ಸಲ ಕಿತ್ಕಂಡ್ರೆ ರಚ್ಚೆ ಹಿಡೀತದೆ. ಮರಿ ಹಾರೋ ಹೊತ್ಗೆ ಇವಕ್ಕೂ ಮರೆತೋಗಿರ್ತದೆ."

ಬೇರೆಯವರಿಗೆ ಬೇಡ ಎಂದವರು ತಾವೇ ಬಕೆಟ್ಟು ಹೊರುವುದನ್ನು ಊರು ಸುಮ್ಮನೆ ನೋಡುತ್ತದೆಯೇ? "ದೋಣಿಯಣ್ಣ, ಒಬ್ರೇ ಪುಣ್ಯ ಕಟ್ಕತಾ ಇದೀರಲ್ಲ, ನಮಗೂ ಸ್ವಲ್ಪ ಬಿಡಿ," ಎಂದು ಬಿಳಿ ದೋಣಿಯವನು ದಡದಿಂದಲೇ ಕೂಗುತ್ತಿದ್ದ. ಮೀನಿನ ವಾಸನೆಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಆ ಕರುಳಿನ ವಾಸನೆ ಆಗುತ್ತಿರಲಿಲ್ಲ. ಬಂದು ಸ್ನಾನ ಮಾಡಿದರೂ ಊಟ ಸೇರುತ್ತಿರಲಿಲ್ಲ ಎಂದು ಅತ್ತಿಗೆ ಹೇಳುತ್ತಿದ್ದರು. ಆ ವರ್ಷ ಅವರು ಕಣ್ಣೆದುರಿಗೇ ಇಳಿದುಹೋದರು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವುದನ್ನು ಕಂಡು ನಾನು ಶಿವಮೊಗ್ಗಕ್ಕೆ ಕರೆದೊಯ್ದೆ. ಡಾಕ್ಟರು ದಾಖಲಾಗಿ ಎಂದರು. ದೋಣಿಯಣ್ಣ, "ಮಳೆ ಬರ್ಲಿ ಸ್ವಾಮಿ, ಬತ್ತೀನಿ," ಎಂದು ಎದ್ದರು.

ವ್ಯಾನಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. "ಹಕ್ಕಿ ಹಕ್ಕಿ ಅಂತ ಸಾಯ್ತೀರಲ್ಲ, ಅವೇನು ನಿಮ್ಮ ಹೆಂಡ್ತೀನ ಸಾಕ್ತಾವಾ? ಒಂದು ವರ್ಷ ಮರಿ ಹೋದ್ರೆ ಹೋಗ್ಲಿ ಬಿಡಿ."

"ನೀನು ಬಿಡ್ತೀಯ ಕಣವ್ವ, ನೀನು ಹಾಳು ಮಾಡಿಲ್ಲ," ಎಂದರು. ಅಷ್ಟೇ.

ಮೊಟ್ಟೆಗಳೆಲ್ಲ ಒಡೆದು ನಡುಗಡ್ಡೆಯ ತುಂಬ ಮರಿಗಳು ಹರಿದಾಡುತ್ತಿದ್ದ ವಾರವೇ ಅದು ಆಯಿತು. ಬಿಳಿ ದೋಣಿಯವನೇ ಫೋನು ಮಾಡಿದ. ಆಚೆ ದಡದಲ್ಲಿ ದೋಣಿ ಮರಳಿಗೆ ಹತ್ತಿ ನಿಂತಿತ್ತಂತೆ. ಬಕೆಟ್ಟು ಖಾಲಿಯಾಗಿತ್ತಂತೆ. ದೋಣಿಯಣ್ಣ ಎಂಜಿನ್ನಿನ ಮೇಲೆ ಕೈಯಿಟ್ಟು ಹಾಗೇ ಮುಂದಕ್ಕೆ ಬಾಗಿದ್ದರಂತೆ. ಅವತ್ತಿನ ಕೆಲಸ ಮುಗಿಸಿಯೇ ಹೋಗಿದ್ದರು.

ನಾನು ಹೋಗುವ ಹೊತ್ತಿಗೆ ದಡದಲ್ಲಿ ಎಲ್ಲ ದೋಣಿಗಳನ್ನೂ ಮೇಲಕ್ಕೆಳೆದು ಬೋರಲು ಹಾಕಿದ್ದರು. ಅದು ಆ ಊರಿನ ಪದ್ಧತಿ: ದೋಣಿ ನಡೆಸುವವನೊಬ್ಬ ಹೋದರೆ ಮೂರನೆಯ ದಿನದ ಹಾಲುತುಪ್ಪ ಆಗುವವರೆಗೆ ಯಾವ ದೋಣಿಯೂ ನೀರು ಮುಟ್ಟುವುದಿಲ್ಲ. ಬಂದ ಪ್ರವಾಸಿಗರನ್ನು ವಾಪಸ್ ಕಳಿಸಿದ್ದರು. ಎಷ್ಟು ತಮಾಷೆ ಮಾಡಿದ್ದರೋ ಅಷ್ಟೇ ಗೌರವ ಕೊಟ್ಟರು. ಅದನ್ನು ಇಲ್ಲ ಎನ್ನಲಾರೆ.

ಮಣ್ಣು ಮಾಡಿ ಬಂದು, ಕೈಕಾಲು ತೊಳೆದು ಕೂತಿದ್ದಾಗ ನಾನು ಕೇಳಿದೆ: "ನಾಳೆ ಬೆಳಿಗ್ಗೆ ಆಚೆ ದಡಕ್ಕೆ ಯಾರು ಹೋಗ್ತೀರಿ?"

ಯಾರಿಗೂ ಅರ್ಥವಾಗಲಿಲ್ಲ. ಬಿಳಿ ದೋಣಿಯವನಿಗೆ ಮಾತ್ರ ಅರ್ಥವಾಯಿತು. ಅವನು ನೆಲ ನೋಡಿದ.

"ಬಕೆಟ್," ಎಂದೆ. "ಮರಿ ಇನ್ನೂ ಹಾರಿಲ್ಲ."

ಊರಿನ ಹಿರಿಯರೊಬ್ಬರು ನನ್ನತ್ತ ತಿರುಗಿದರು. "ಏನ್ ಕಡೂರವ್ವ, ಸೂತಕದಲ್ಲಿ ಕೋಳಿ ಕರುಳಿನ ಮಾತಾಡ್ತೀಯ? ನಿಮ್ಮ ಕಡೆ ಹಿಂಗೆನಾ?"

"ಒಂದು ದೋಣಿ ಬಿಡಿ ಯಜಮಾನ್ರೇ. ನಿಮ್ಮೋರು ಯಾರೂ ಮುಟ್ಟೋದು ಬೇಡ. ಬಕೆಟ್ ನಾನು ಹೊರ್ತೀನಿ. ದಾಟಿಸಿದ್ರೆ ಸಾಕು."

"ಅವನಿಗೋಸ್ಕರ ಮಗುಚಿದ ದೋಣಿನ ಅವನ ಮೇಲಿನ ಮಣ್ಣು ಆರೋಕ್ಕೂ ಮುಂಚೆ ಎತ್ತು ಅಂತೀಯಲ್ಲ!"

"ಅವರಿಗೋಸ್ಕರಾನೇ ಎತ್ತಿ ಅಂತಿದೀನಿ."

"ಮೂರು ದಿನ ತಾಯಿ. ಮೂರು ದಿನದಲ್ಲಿ ಆಕಾಶ ಬೀಳಲ್ಲ."

ನಾನು ಎಲ್ಲ ಬಗೆಯಲ್ಲೂ ಕೇಳಿದೆ. ದುಡ್ಡಿನ ಆಸೆ ತೋರಿಸಿದೆ, ಪಾಳಿ ನಿಲ್ಲಿಸುತ್ತೇನೆ ಎಂದು ಹೆದರಿಸಿದೆ, ಕೊನೆಗೆ ಕೈ ಮುಗಿದೆ. ಚೌಕಾಸಿ ನಡೆಯುವುದು ಎದುರಿಗಿರುವವನಿಗೆ ನಮ್ಮಿಂದ ಏನಾದರೂ ಬೇಕಾಗಿದ್ದಾಗ ಮಾತ್ರ. ಅವತ್ತು ಅವರಿಗೆ ದೋಣಿಯಣ್ಣನಿಗೆ ಮರ್ಯಾದೆ ಸಲ್ಲಿಸುವುದು ಬಿಟ್ಟು ಬೇರೇನೂ ಬೇಕಿರಲಿಲ್ಲ. ಅತ್ತಿಗೆಯ ಮುಖ ನೋಡಿದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ಬೆಳಗ್ಗೆ ದಡದಲ್ಲೇ ನಿಂತು ನೋಡಿದೆ. ಗರುಡಗಳು ಆಚೆಯ ಒಣಮರಗಳಲ್ಲಿ ಕಾದವು. ಬಿಸಿಲೇರುವವರೆಗೂ ಕಾದವು. ಆಮೇಲೆ ಒಂದೊಂದಾಗಿ ಎದ್ದು, ನೀರಿನ ಮೇಲೆ ಸಾಲು ಹಿಡಿದು, ಈಚೆಗೆ ಬಂದವು. ನಡುಗಡ್ಡೆಯ ಚೀರಾಟ ದಡಕ್ಕೂ ಕೇಳುತ್ತಿತ್ತು. ಬೋರಲು ಬಿದ್ದ ದೋಣಿಗಳ ನಡುವೆ ನಿಂತ ನಾನು ಒಂದು ಕಲ್ಲು ಎತ್ತಿಕೊಂಡೆ. ಎಸೆದರೆ ಎಲ್ಲಿಗೆ ಮುಟ್ಟುತ್ತದೆ? ಕೆಳಗೆ ಹಾಕಿದೆ.

ಹಾಲುತುಪ್ಪ ಮುಗಿದ ಕೂಡಲೇ ಮೊದಲು ದೋಣಿ ಇಳಿಸಿದವನು ಬಿಳಿ ದೋಣಿಯವನು. ನಡುಗಡ್ಡೆ ಕಡೆಗೆ ಒಬ್ಬನೇ ಹೋದ. ತಿರುಗಿ ಬಂದವನು ಹಗ್ಗ ಕಟ್ಟುವುದನ್ನೂ ಮರೆತು ನನ್ನೆದುರು ನಿಂತ.

"ದೊಡ್ಡವು ಅವೆ ಅಕ್ಕ. ಸುಮ್ನೆ ನಿಂತವೆ."

"ಮರಿ?"

ಅವನು ಇಲ್ಲವೆಂದು ತಲೆಯಾಡಿಸಿದ. ದೊಡ್ಡ ಹಕ್ಕಿಗಳೂ ವಾರದೊಳಗೆ ಎದ್ದು ಹೋದವು. ಮಳೆಗೆ ಇನ್ನೂ ಬಹಳ ದಿನವಿತ್ತು.

ತಿಥಿಯ ದಿನ ದಡದಲ್ಲಿ ಬಾಳೆಲೆ ಹಾಸಿ ಎಡೆ ಇಟ್ಟರು. ಅನ್ನ, ಮುದ್ದೆ, ಬೀಡಿ ಕಟ್ಟು, ಅತ್ತಿಗೆ ತಮ್ಮ ಕೈಯಾರೆ ಹುರಿದ ಒಂದು ಇಡೀ ಮೀನು. ಕಾಗೆ ಮುಟ್ಟಬೇಕು. ನಾವೆಲ್ಲ ಹಿಂದೆ ಸರಿದು ನಿಂತೆವು. ಕಾಗೆಗಳು ಹೊಂಗೆ ಮರದಲ್ಲಿ ಕೂಗಿದವೇ ಹೊರತು ಇಳಿಯಲಿಲ್ಲ. "ಏನೋ ಆಸೆ ಉಳ್ಕಂಡೈತೆ. ಯಾರಾದ್ರೂ ಮಾತು ಕೊಡ್ರಪ್ಪ," ಎಂದರು ಹಿರಿಯರು. ಅತ್ತಿಗೆಯನ್ನು ನೋಡಿಕೊಳ್ಳುತ್ತೇವೆ ಎಂದು ಒಬ್ಬರು ಹೇಳಿದರು, ಮನೆಯ ಸೂರು ಸರಿಮಾಡಿಸುತ್ತೇವೆ ಎಂದು ಇನ್ನೊಬ್ಬರು. ಕಾಗೆ ಇಳಿಯಲಿಲ್ಲ. ಬಿಳಿ ದೋಣಿಯವನು ಮುಂದೆ ಹೋಗಿ ಎಲೆಯ ಎದುರು ಕುಕ್ಕರಗಾಲಲ್ಲಿ ಕೂತ. "ದೋಣಿಯಣ್ಣ, ಇನ್ಮೇಲೆ ಬಕೆಟ್ ನಾನು ಒಯ್ತೀನಿ," ಎಂದ.

ಆಗ ಮೇಲಿನಿಂದ ನೆರಳೊಂದು ಜಾರಿತು. ಗರುಡ. ಎಲ್ಲರ ಕಣ್ಣೆದುರಿಗೇ ಇಳಿದು, ಎಲೆಯ ಮೇಲಿನ ಮೀನನ್ನು ಎತ್ತಿಕೊಂಡು, ನೀರಿನ ಮೇಲೆ ಹಾರಿಹೋಯಿತು.

ದಡವೆಲ್ಲ ಒಂದೇ ಸಲ ಉಸಿರು ಬಿಟ್ಟಿತು. ಹಿರಿಯರು ಎರಡೂ ಕೈ ಮೇಲೆತ್ತಿ ಮುಗಿದರು. "ಕಾಗೆ ಯಾಕ್ರಪ್ಪ ಬೇಕು, ಸಾಕ್ಷಾತ್ ಅವನೇ ಬಂದ! ಪುಣ್ಯವಂತ ಕಣ್ರೀ, ನೇರ ಹೋಗ್ಬಿಟ್ಟ." ಹೆಂಗಸರು ಕೆನ್ನೆ ತಟ್ಟಿಕೊಂಡರು. ಬಿಳಿ ದೋಣಿಯವನು ಮಾತ್ರ ಖಾಲಿ ಎಲೆಯನ್ನೇ ನೋಡುತ್ತಾ ಕೂತಿದ್ದ.

ಅತ್ತಿಗೆ ಬಂದು ನನ್ನ ಕೈ ಹಿಡಿದುಕೊಂಡರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ಮುಖ ಸಡಿಲವಾಗಿತ್ತು.

"ನೋಡ್ದ್ಯಾ ತಾಯಿ? ಅವರು ಬಿಟ್ರೂ ಅವನು ಬಿಡಲಿಲ್ಲ. ಬಂದು ತಗಂಡು ಹೋದ. ಇನ್ನು ಅವರಿಗೆ ಏನೂ ಉಳಿದಿಲ್ಲ ಅಲ್ವಾ?"

ಅವರ ಹೆಗಲಿನ ಆಚೆ ನಡುಗಡ್ಡೆ ಕಾಣುತ್ತಿತ್ತು. ಬೋಳು ನೆಲ, ಬಿಸಿಲು. ಎಂಥ ಮಾತಿಗೂ ನನ್ನ ಹತ್ತಿರ ಎದುರು ಮಾತು ಇರುತ್ತದೆ ಎಂದು ಕಡೂರಿನಲ್ಲಿ ಹೆಸರು.

"ಹೂಂ ಅತ್ತಿಗೆ," ಎಂದೆ. "ಏನೂ ಉಳಿದಿಲ್ಲ."